ಬಡಿಸುವ ಎಳೆಯ ಕೈಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರನಿಗೆ ಮನೆಯ ಅಟ್ಟವೇ ಬೊಕ್ಕಸ. ಕೆಡವಿದ ಕಾಯಿಯನ್ನು ಅಟ್ಟಕ್ಕೇರಿಸಿದರೆ ಅದು ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಆ ಮೇಲೆ ತಿಪಟೂರಿನ ಮಾರುಕಟ್ಟೆಯಲ್ಲಿ ಅಂದಿನ ಧಾರಣೆ ಏನಿದೆಯೋ ಅದೇ ಭಾಗ್ಯ. ಬರಗಾಲ ಬಂದರೆ, 1990ರ ದಶಕದ ಕೊನೆಯಲ್ಲಿ ಹಬ್ಬಿದಂತೆ ನುಸಿ ಪೀಡೆ ಹಬ್ಬಿದರೆ, ಆ ಭಾಗ್ಯವೂ ಇಲ್ಲ. ರೈತ ಒಂದು ವರ್ಷ ಕಾಯಬಲ್ಲ. ಅವನ ಮಗುವಿನ ಹಸಿವು ಒಂದು ಹೊತ್ತೂ ಕಾಯದು.

ಹಿಂದೆ ಓದುವ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅನ್ನವಿಟ್ಟ ತಾಯಂದಿರ ಪುಣ್ಯ ದೊಡ್ಡದು, ನಿಜ. ಆದರೆ ದಿನಕ್ಕೊಂದು ಹೊಸ್ತಿಲ ಬಳಿ ನಿಂತು ಕರೆಗೆ ಕಾದ ಹುಡುಗನ ಸಂಕೋಚವನ್ನು ಅನುಭವಿಸಿದವರೇ ಬಲ್ಲರು.

ಆ ಸಂಕೋಚವನ್ನು ಕಳೆದುದು ದಾಸೋಹ. ನಮ್ಮ ಸೀಮೆಯವರಿಗೆ ದಾಸೋಹವೆಂದೊಡನೆ ನೆನಪಾಗುವುದು ತುಮಕೂರಿನ ಸಿದ್ಧಗಂಗಾ ಕ್ಷೇತ್ರ. ಅಲ್ಲಿ ಪೂಜ್ಯ ಉದ್ಧಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. 1930ರಲ್ಲಿ ಉತ್ತರಾಧಿಕಾರಿಗಳಾಗಿ, 1941ರಲ್ಲಿ ಮಠಾಧ್ಯಕ್ಷರಾದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಕಾಲದಲ್ಲಿ ಅಲ್ಲಿ ಉಂಡು, ಮಲಗಿ, ಓದುವ ಮಕ್ಕಳ ಸಂಖ್ಯೆ ಸುಮಾರು 10,000ಕ್ಕೆ ಮುಟ್ಟಿತು. ಜಾತಿ ಕೇಳುವವರಿಲ್ಲ, ಮತ ಕೇಳುವವರಿಲ್ಲ. "ಬುದ್ಧಿ, ಈ ಮಗುವನ್ನು ತಮ್ಮ ಪಾದಕ್ಕೆ ಒಪ್ಪಿಸಿದ್ದೇನೆ" ಎಂದು ಕೈಮುಗಿದು ನಿಂತ ತಂದೆತಾಯಿಗಳೆಷ್ಟೋ! ಶ್ರೀಗಳು ಊರೂರು ತಿರುಗಿ ದವಸ ಬೇಡಿ ತಂದರು. ಭಕ್ತರು ಕೊಟ್ಟ ರಾಗಿಯೇ ಮುದ್ದೆಯಾಯಿತು, ಕೊಟ್ಟ ಕಾಯಿಯೇ ಸಾರಿಗೆ ಬಿತ್ತು.

ಆದರೆ ಈ ಲೇಖನದಲ್ಲಿ ಹೇಳಬೇಕೆಂದಿರುವುದು ಕೊಟ್ಟವರ ಮಾತನ್ನಲ್ಲ, ಬಡಿಸುವವರ ಮಾತನ್ನು. ಅಡಿಗೆಯ ದೊಡ್ಡ ಕೊಪ್ಪರಿಗೆಗಳನ್ನು ಅನುಭವಿ ಭಟ್ಟರು ನೋಡಿಕೊಂಡರೂ, ತರಕಾರಿ ಹೆಚ್ಚುವುದು, ಪಂಕ್ತಿಯಲ್ಲಿ ಬಡಿಸುವುದು, ಊಟದ ಮನೆಯನ್ನು ಗುಡಿಸಿ ತೊಳೆಯುವುದು ಇವುಗಳಿಗೆಲ್ಲ ವಿದ್ಯಾರ್ಥಿಗಳೇ ಸರದಿಯ ಮೇಲೆ ಹೆಗಲು ಕೊಡುತ್ತಾರೆ. ನಿನ್ನೆ ತಟ್ಟೆ ಹಿಡಿದು ಕುಳಿತಿದ್ದ ಹುಡುಗ ಇಂದು ಸಾರಿನ ಬಕೆಟ್ಟು ಹಿಡಿದು ನಿಲ್ಲುತ್ತಾನೆ. ಯಾವ ಮಗು ಇನ್ನೊಂದು ಮುದ್ದೆ ಬೇಕಿದ್ದರೂ ಕೇಳಲಾರದೆ ತಲೆ ತಗ್ಗಿಸಿದೆಯೆಂಬುದು, ಹೊಸದಾಗಿ ಮಠಕ್ಕೆ ಬಂದ ದಿನ ತಾನೂ ಹಾಗೆಯೇ ತಲೆ ತಗ್ಗಿಸಿದ್ದವನಿಗಲ್ಲದೆ ಬೇರೆ ಯಾರಿಗೆ ಗೊತ್ತಾದೀತು? ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಇಲ್ಲಿ ಎರಡೂ ಒಂದೇ ಹುಡುಗನ ಕೈಗಳು.

ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೂ ನಮ್ಮ ರಾಜ್ಯದಲ್ಲಿ 'ಅಕ್ಷರ ದಾಸೋಹ'ವೆಂದೇ ಹೆಸರಾಯಿತು. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ ಆ ಯೋಜನೆ 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂದಿತು. ಶರಣರ ಮಾತೊಂದು ಸರ್ಕಾರಿ ಕಡತಕ್ಕೆ ಸೇರಿದುದು ಸಂತೋಷವೇ. ಆದರೆ ನಮ್ಮ ಮನೆಗಳ ಮಾತೇನು? ಮದುವೆಯ ಪಂಕ್ತಿಗಳಲ್ಲಿ ಬಡಿಸಲು ಕೂಲಿಯ ಹುಡುಗರು ಬರುತ್ತಾರೆ. ನಮ್ಮ ಮಕ್ಕಳು ಉಂಡು, ಅರ್ಧ ಬಿಟ್ಟು, ಕೈತೊಳೆದು ಹೋಗುತ್ತಾರೆ. ಬಾಗಿದರೆ ಬಟ್ಟೆ ಕೊಳೆಯಾದೀತೆಂದು ತಡೆಯುವವರೂ ನಾವೇ. ಇದನ್ನು ಬರೆಯುವಾಗ ನನ್ನ ಮನೆಯನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

2019ರ ಜನವರಿ 21ರಂದು ಶಿವಕುಮಾರ ಮಹಾಸ್ವಾಮಿಗಳವರು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಆಗ ಬೆಳಗಿನ 11 ಗಂಟೆ 44 ನಿಮಿಷ. ಮಕ್ಕಳ ಊಟಕ್ಕೆ ಅಡ್ಡಿಯಾಗಬಾರದೆಂಬುದು ಅವರ ಇಚ್ಛೆಯಾಗಿದ್ದುದರಿಂದ, ಮಧ್ಯಾಹ್ನದ ಪ್ರಸಾದ ಮುಗಿದ ಬಳಿಕವೇ ಸುದ್ದಿಯನ್ನು ಪ್ರಕಟಿಸಲಾಯಿತು. ಮರುದಿನ ಅಂತಿಮ ದರ್ಶನಕ್ಕೆ ಬಂದ ಲಕ್ಷಾಂತರ ಜನರಿಗೂ ದಾಸೋಹ ನಡೆಯಿತು. ಒಲೆ ಆರಲಿಲ್ಲ.