ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕಿಡಿಯ ಕಾಲವನ್ನು ಹೊಂದಿಸುವುದು

ಅಮೆರಿಕದಲ್ಲಿ 1987 ರಿಂದ 2006 ರವರೆಗೆ ಮಾರಾಟವಾದ ಯಮಾಹಾ ಬ್ಯಾನ್‌ಶೀ ಎಂಬ ನಾಲ್ಕು ಚಕ್ರದ ಏ.ಟಿ.ವಿ. ಬಂಡಿಗೆ 347 ಘನ ಸೆಂಟಿಮೀಟರಿನ, ಎರಡು ಸಿಲಿಂಡರುಗಳ ಟೂ-ಸ್ಟ್ರೋಕ್ ಎಂಜಿನ್ನು ಇರುತ್ತದೆ. ಎಳೆತ ಸಾಲದೆಂದು ಅದರ ಒಡೆಯರು ಕಿಡಿಯನ್ನು ಕಾರ್ಖಾನೆಯವರು ಗೊತ್ತುಮಾಡಿದುದಕ್ಕಿಂತ ಮುಂಚಿತವಾಗಿ ಹಾರಿಸುವುದುಂಟು.

ಪೆಟ್ರೋಲು ಹೊತ್ತಿ ಪೂರ್ಣ ಒತ್ತಡವನ್ನು ಬೀರಲು ಸ್ವಲ್ಪ ಕಾಲ ಬೇಕಾಗುವುದರಿಂದ, ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟುವುದಕ್ಕೆ ಮೊದಲೇ ಕಿಡಿ ಹಾರತಕ್ಕದ್ದು. ಆದರೆ ಅದು ಅತಿಯಾಗಿ ಮುಂಚಿತವಾದರೆ, ಏರುತ್ತಿರುವ ಪಿಸ್ಟನ್ನಿಗೆ ಎದುರಾಗಿ ಒತ್ತಡ ಬೆಳೆದು, ಉರಿಯದೆ ಉಳಿದ ಅನಿಲವು ತಾನಾಗಿಯೇ ಸಿಡಿಯುವುದು. ಆ ಸದ್ದು ಎಂಜಿನ್ನಿನ ಅಬ್ಬರದಲ್ಲಿ ಕೇಳಿಸದೆ ಹೋಗುವುದೇ ಹೆಚ್ಚು. ಪಿಸ್ಟನ್ನಿನ ತಲೆಯಲ್ಲಿ ತೂತು ಬಿದ್ದ ಮೇಲೆಯೇ ಒಡೆಯನಿಗೆ ಅರಿವಾಗುವುದು. ಕಿಡಿ ತಡವಾದರೆ ಶಕ್ತಿ ಕುಗ್ಗಿ ಹೊಗೆಕೊಳವೆ ಕಾಯುವುದು.

ತಿದ್ದುವವರು ಎಂಜಿನ್ನು ತಣ್ಣಗಾದ ಮೇಲೆ ಎಡಬದಿಯ ಮುಚ್ಚಳವನ್ನು ತೆಗೆದು, ಫ್ಲೈವೀಲನ್ನು ಪುಲ್ಲರಿನಿಂದಲೇ ಬಿಡಿಸತಕ್ಕದ್ದು, ಸುತ್ತಿಗೆಯನ್ನು ಮುಟ್ಟತಕ್ಕದ್ದಲ್ಲ. ಒಳಗೆ ಸರಿಸಲು ಬರುವ ಸ್ಟೇಟರ್ ತಟ್ಟೆಯನ್ನು ಹಾಕಿ, ಮೊದಲಿನ ಸ್ಥಾನಕ್ಕೆ ಗುರುತಿನ ಗೆರೆ ಎಳೆದು, ಫ್ಲೈವೀಲು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸರಿಸಿದರೆ ಕಿಡಿ ಮುಂಚಿತವಾಗುವುದು. ಕೆಲವರು 4 ಡಿಗ್ರಿಗಳಷ್ಟು ಸರಿಸುವರು. ಆಗ ಹೆಚ್ಚು ಆಕ್ಟೇನಿನ ಪೆಟ್ರೋಲು ಬೇಕಾಗುವುದು. ಅದು ಸಿಕ್ಕದ ಕಡೆ ಮೊದಲಿನ ಗೆರೆಯಲ್ಲಿಯೇ ಬಿಡುವುದು ಉತ್ತಮ. ಕಿಡಿಯ ಕಾಲವನ್ನು ಟೈಮಿಂಗ್ ದೀಪದಿಂದ ಪರೀಕ್ಷಿಸಿ, ಬಂಡಿಯನ್ನು ಸ್ವಲ್ಪ ದೂರ ಓಡಿಸಿ, ಪ್ಲಗ್ಗುಗಳನ್ನು ಬಿಚ್ಚಿ ನೋಡತಕ್ಕದ್ದು. ಪಿಂಗಾಣಿಯ ಮೇಲೆ ಅಲ್ಯುಮಿನಿಯಮ್ಮಿನ ಸಣ್ಣ ಚುಕ್ಕೆಗಳು ಕಂಡರೆ, ತಟ್ಟೆಯನ್ನು ಕೂಡಲೇ ಹಿಂದಕ್ಕೆ ತಿರುಗಿಸತಕ್ಕದ್ದು.