ಗುಡ್ಡದ ನೀರಿನ ತೊಟ್ಟಿಗೆ ಎಂಥ ಬಣ್ಣ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಗುಡ್ಡದ ಒರತೆಯನ್ನೇ ನಂಬಿದ ಮನೆಗಳು ಎಷ್ಟೋ ಇವೆ. ಹಿಂದೆ ಅಡಿಕೆ ದಂಬೆಯಲ್ಲಿ ಬರುತ್ತಿದ್ದ ನೀರು ಈಗ ಕಪ್ಪು ಪೈಪಿನಲ್ಲಿ ಬಂದು ಮನೆಯ ಮೇಲುಗಡೆಯ ತೊಟ್ಟಿಗೆ ಬೀಳುತ್ತದೆ. ಆ ತೊಟ್ಟಿ ಸೋರಿತೆಂದರೆ ಕೈಗೆ ಸಿಕ್ಕಿದ್ದನ್ನು ಬಳಿದುಬಿಡುವುದು ನಮ್ಮ ರೂಢಿ. ಇವತ್ತಿನ ಮಾತು ಅದರ ಮೇಲೆ.

ಮಲೆನಾಡಿನ ಒರತೆ ನೀರಿನಲ್ಲಿ ಸಾಧಾರಣವಾಗಿ ಸುಣ್ಣದ ಅಂಶ ಕಡಿಮೆ. ಇಂಥ ಮೆದು ನೀರು ಸಿಮೆಂಟಿನ ಸುಣ್ಣವನ್ನು ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಗೋಡೆ ಸವರಿದರೆ ಮರಳು ಕೈಗೆ ಬರುತ್ತದಲ್ಲ, ಅದು ಇದರಿಂದಲೇ. ಕಬ್ಬಿಣದ ಟ್ಯಾಂಕಿಗೂ ಬೇಗ ತುಕ್ಕು.

ಸಿಮೆಂಟು ತೊಟ್ಟಿಯ ಬಿರುಕನ್ನು ಮೇಲೆ ಮೇಲೆ ಮೆತ್ತಿದರೆ ನಿಲ್ಲದು. ಉಳಿಯಿಂದ ಕೊರೆದು ಅಗಲ ಮಾಡಿ, ಪಾಚಿ ತಿಕ್ಕಿ ತೊಳೆದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ತೊಳೆದ ಮರಳು ಕಲಸಿ ಒತ್ತಿ ತುಂಬಿ. ಏಳು ದಿನ ಒದ್ದೆ ಗೋಣಿ ಹೊದಿಸಿರಬೇಕು. ಅವಸರ ಮಾಡಿದರೆ ಮತ್ತೆ ಬಿರುಕೇ. ಆಮೇಲೆ ಎರಡು ಮೂರು ಸಲ ನೀರು ತುಂಬಿ ಹೊರಗೆ ಬಿಡಿ.

ಕಬ್ಬಿಣದ ಟ್ಯಾಂಕಿನ ಒಳಗೆ ಕೆಂಪು ಸೀಸದ ಬಣ್ಣ ಬೇಡವೇ ಬೇಡ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವಿದೆ. ಎಳೆಯ ಮಕ್ಕಳ ಮಿದುಳಿಗೆ ಅದು ವಿಷ. ಡಾಂಬರೂ ಬೇಡ. ಹಡಗಿನವರನ್ನೇ ನೋಡಿ: ಹೊರಮೈಗೆ ಹಚ್ಚುವುದು ಚಿಪ್ಪು, ಪಾಚಿ ಹಿಡಿಯದಂಥ ವಿಷದ ಬಣ್ಣ, ಕುಡಿಯುವ ನೀರಿನ ತೊಟ್ಟಿಗೆ ಹಚ್ಚುವುದು ಬೇರೆಯದೇ. ನೀವೂ ಡಬ್ಬಿಯ ಮೇಲೆ ಕುಡಿಯುವ ನೀರಿಗೆ ತಕ್ಕದ್ದೆಂದು ಬರೆದಿರುವ ಎಪಾಕ್ಸಿಯನ್ನೇ ಕೇಳಿ ತನ್ನಿ. ಅದರ ಎರಡು ಭಾಗಗಳನ್ನು ಹೇಳಿದ ಅಳತೆಯಲ್ಲೇ ಬೆರೆಸಬೇಕು, ಅಂದಾಜು ನಡೆಯದು. ತೇವವಿದ್ದರೆ ಅದು ಹಿಡಿಯುವುದಿಲ್ಲ. ಆದ್ದರಿಂದ ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಬಿಸಿಲಿನಲ್ಲಿ ಈ ಕೆಲಸ ಇಟ್ಟುಕೊಳ್ಳಿ. ಡಬ್ಬಿಯಲ್ಲಿ ಹೇಳಿದಷ್ಟು ದಿನ ಒಣಗುವವರೆಗೂ ನೀರು ಬಿಡಬೇಡಿ.

ಒಂದು ಮಾತು ಮರೆಯಬೇಡಿ. ಬಣ್ಣದ ಆವಿ ಗಾಳಿಗಿಂತ ಭಾರ, ಟ್ಯಾಂಕಿನ ತಳದಲ್ಲೇ ನಿಲ್ಲುತ್ತದೆ. ಬೀಡಿ, ದೀಪ ಹತ್ತಿರ ಸುಳಿಯಬಾರದು. ಮುಚ್ಚಳವೆಲ್ಲ ತೆಗೆದು, ಫ್ಯಾನಿನಿಂದ ಗಾಳಿ ಆಡಿಸುತ್ತಲೇ ಇಳಿಯಿರಿ. ಇಳಿದವನ ಮೈಗೆ ಹಗ್ಗ, ಹೊರಗೆ ಹಗ್ಗ ಹಿಡಿದ ಮತ್ತೊಬ್ಬ. ಒಳಗಿನವ ತಲೆ ತಿರುಗಿ ಬಿದ್ದರೆ ಹಗ್ಗದಿಂದ ಎಳೆಯಬೇಕೇ ಹೊರತು ತಾನೂ ಹಾರಬಾರದು. ಹಾರಿದರೆ ಇಬ್ಬರೂ ಹೋದಂತೆ.

ಕೊನೆಗೆ ತೊಟ್ಟಿ ತುಂಬಿಸಿ, 1000 ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿಯಂತೆ ಬಕೆಟಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಸುರಿಯಿರಿ. ಒಂದು ದಿನ ಬಿಟ್ಟು ಹೊರಹಾಕಿ. ಆ ನೀರನ್ನು ಹಳ್ಳಕ್ಕೆ ಬಿಟ್ಟೀರಿ, ಮೀನು ಸಾಯುತ್ತವೆ! ಅಷ್ಟು ದಿನದ ನೀರಿಗೆ ನೆರೆಮನೆಯಿಂದ ಕೊಡ ತನ್ನಿ. ತೋಟಕ್ಕೆ ಔಷಧಿ ಹೊಡೆದ ಡ್ರಮ್ಮನ್ನು ತೊಳೆದು ಅದರಲ್ಲಿ ತುಂಬಿಸಿಡುವುದು ಮಾತ್ರ ಬೇಡ.