ಲೀಕೇಜ್‌ನ ಲೆಕ್ಕ ತಪ್ಪಬಾರದು

ಟ್ರಾನ್ಸ್‌ಫಾರ್ಮರ್‌ನಲ್ಲಿ ಪ್ರೈಮರಿಯ ಫ್ಲಕ್ಸ್ ಪೂರ್ತಿ ಸೆಕೆಂಡರಿಗೆ ತಲುಪಲ್ಲ, ಸ್ವಲ್ಪ ಸೋರುತ್ತೆ. ಇದರಿಂದ ಬರೋದೇ ಲೀಕೇಜ್ ಇಂಡಕ್ಟನ್ಸ್. ಫ್ಲೈಬ್ಯಾಕ್ ಕನ್ವರ್ಟರ್‌ನಲ್ಲಿ ಇದು ತಲೆನೋವು. ಎಲ್‌ಎಲ್‌ಸಿ ರೆಸೊನೆಂಟ್ ಕನ್ವರ್ಟರ್‌ನಲ್ಲಿ ಇದನ್ನೇ ರೆಸೊನೆಂಟ್ ಇಂಡಕ್ಟರ್ ಆಗಿ ಬಳಸ್ಕೋಬಹುದು.

ಪ್ರೈಮರಿಗೆ ಎಲ್‌ಸಿಆರ್ ಮೀಟರ್ ಹಾಕಿ. ಸೆಕೆಂಡರಿ ಓಪನ್ ಇದ್ದಾಗ 600 ಮೈಕ್ರೋಹೆನ್ರಿ, ಶಾರ್ಟ್ ಮಾಡಿದಾಗ 100 ಬಂತು ಅಂದ್ಕೊಳ್ಳಿ. 25 ನ್ಯಾನೋಫ್ಯಾರಡ್ ಕೆಪಾಸಿಟರ್ ಜೊತೆ ರೆಸೊನೆನ್ಸ್ ಸುಮಾರು 100 ಕಿಲೋಹರ್ಟ್ಜ್.

ಎಡವೋದು ಇಲ್ಲೇ. ಲೀಕೇಜ್ ಎಲ್ಲಾ ಪ್ರೈಮರಿಯಲ್ಲೇ ಇದೆ ಅಂತ ಮಾಡೆಲ್ ಮಾಡಿದ್ರೆ, ಟರ್ನ್ಸ್ ರೇಶಿಯೋ ಬಿಟ್ಟು, ಆ ಫ್ರೀಕ್ವೆನ್ಸಿಯಲ್ಲಿ ಗೇನ್ 1 ಬರುತ್ತೆ. ಆದರೆ ಸೆಕೆಂಡರಿಯಲ್ಲೂ ಲೀಕೇಜ್ ಇದೆ. ಎರಡೂ ಕಡೆ ಸಮ ಅಂತ ಹಂಚಿದ್ರೆ ಗೇನ್ 600/500 ರ ವರ್ಗಮೂಲ, ಅಂದ್ರೆ 1.095. 24 ವೋಲ್ಟ್ ಅಂದ್ಕೊಂಡ ಕಡೆ 26 ದಾಟುತ್ತೆ! ವೈಂಡಿಂಗ್ ಸುತ್ತೋ ಮುಂಚೆಯೇ ಟರ್ನ್ಸ್ ರೇಶಿಯೋದಲ್ಲಿ ಇದನ್ನು ಸೇರಿಸ್ಕೊಳ್ಳಿ.